ಗ್ರೀಕರ ಸೂರ್ಯ ನಮ್ಮ ಪಡಸಾಲೆಗೆ ಬಂದದ್ದು

ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ಐದು ಜನ ಬೀಡಿ ಕಟ್ಟಲು ಕೂತಿದ್ದೆವು: ನಾನು, ನಮ್ಮ ಅತ್ತಿ, ಓಣಿಯ ಇಬ್ಬರು ಹೆಂಗಸರು, ಮೈದುನನನ್ನು ಮದುವೆಯಾಗಿ ಹೊಸದಾಗಿ ಬಂದಿದ್ದ ನೆಗೆಣ್ಣಿ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದೀತು. ನಮ್ಮಲ್ಲೊಂದು ಪದ್ಧತಿ ಇತ್ತು. ಕಥೆ ಹೇಳುವವಳು ಬೀಡಿ ಕಟ್ಟುವಂತಿಲ್ಲ. ಉಳಿದವರು ತಾವು ಕಟ್ಟಿದ್ದರಲ್ಲಿ ಒಂದೊಂದು ಹಿಡಿ ಅವಳ ಮೊರಕ್ಕೆ ಹಾಕಬೇಕು. ನನ್ನ ಆಯಿ ಹೇಳಿಕೊಟ್ಟ ಕಥೆಗಳ ಪುಣ್ಯ, ಈ ಮನೆಗೆ ಬಂದಾಗಿನಿಂದ ಆ ಜಾಗ ನನ್ನದೇ.

ಅಂದು ನಾನು ಸೂರ್ಯನ ಏಳು ಕುದುರೆ, ತೊಡೆಯಿಲ್ಲದ ಸಾರಥಿಯ ಕಥೆ ಎತ್ತಿದ್ದೆ. ಚಿಕ್ಕೋಡಿಯಲ್ಲಿ ಬಿ.ಎ. ಓದಿದ್ದ ನೆಗೆಣ್ಣಿ ಮೆಲ್ಲಗೆ ಬಾಯಿ ಹಾಕಿದಳು.

"ಅಕ್ಕಾರ, ಗ್ರೀಕರ ಸೂರ್ಯಗ ನಾಕ ಕುದುರಿ ರೀ. ರಾತ್ರಿ ಬಂಗಾರದ ಬಟ್ಟಲದಾಗ ಕುಂತು ಸಮುದ್ರ ದಾಟಿ ಮೂಡಲಕ ಬರ್ತಾನಂತ. ಅವರ ಕವಿಗೋಳು ಅವಗ 'ಎಲ್ಲಾ ಕಾಣಾಂವ' ಅಂತ ಕರೀತಾರ."

"ಹಂಗಾರ ಕಟ್ಟಿ ಮ್ಯಾಲ ಕುಂತು ಎಲ್ಲಾರ ಮನಿ ನೋಡೋ ನಮ್ಮ ಓಣಿ ಮುದುಕೀನ ಆತು ಬಿಡ!" ಎಂದಳು ಒಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಕಥೆಗೆ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

"ಮುಂದ ಹೇಳ ತಂಗಿ," ಅಂದರು ಅತ್ತಿ, ಮತ್ತು ತಮ್ಮ ಹಿಡಿ ಬೀಡಿಯನ್ನು ಅವಳ ಮೊರಕ್ಕೆ ಹಾಕಿದರು.

ನನ್ನ ಸಾರಥಿ ಅರ್ಧ ದಾರಿಯಲ್ಲೇ ನಿಂತ. ಎಲೆ, ತಂಬಾಕು ಎತ್ತಿಕೊಂಡು ನಾನೂ ಕಟ್ಟತೊಡಗಿದೆ. ಬೆರಳಿಗೆ ರೂಢಿ ತಪ್ಪಿತ್ತು, ಸುತ್ತಿದ್ದೆಲ್ಲ ಬಿಚ್ಚಿಕೊಳ್ಳುತ್ತಿತ್ತು.

ಅವಳು ಹೇಳಿದ ಕಥೆ ಹೀಗಿತ್ತು. ಒಬ್ಬ ಹುಡುಗಿ ಸೂರ್ಯನನ್ನು ಮೆಚ್ಚಿದ್ದಳು. ಅವನು ಇನ್ನೊಬ್ಬಳ ಹಿಂದೆ ಹೋದ. ಉರಿ ತಾಳದೆ ಇವಳು ಆ ಇನ್ನೊಬ್ಬಳ ಅಪ್ಪನಿಗೆ ಚಾಡಿ ಹೇಳಿದಳು. ಅಪ್ಪ ಮಗಳನ್ನು ಮಣ್ಣಲ್ಲಿ ಹೂತ. ಆಮೇಲೆ ಸೂರ್ಯ ಇವಳತ್ತ ತಿರುಗಿಯೂ ನೋಡಲಿಲ್ಲ. ಅನ್ನ ನೀರು ಬಿಟ್ಟು ಅವನನ್ನೇ ನೋಡುತ್ತ ಕೂತವಳು ಹೂವಾದಳು.

"ಅಯ್ಯ, ಎಂಥಾ ಹೊಟ್ಟಿಕಿಚ್ಚಿನಾಕಿ ಬೇ!" ಎಂದರು ಅತ್ತಿ.

"ಯಾಕ್ರಿ? ಮೊದಲ ಬಂದಾಕಿ ಆಕಿ ಅಲ್ಲೇನ್ರಿ? ನಿನ್ನೆ ಬಂದಾಕೀನ ನೋಡಿ ಎಲ್ಲಾರೂ ಆ ಕಡೆ ಹೊಳ್ಳಿದ್ರ ಉರಿಯಂಗಿಲ್ಲೇನ್ರಿ?" ಎಂದುಬಿಟ್ಟೆ ನಾನು.

ನೆಗೆಣ್ಣಿ ತಲೆ ತಗ್ಗಿಸಿದಳು. ಅತ್ತಿ ದಾರ ಹರಿಯುತ್ತ ಕೇಳಿದರು, "ಸೂರ್ಯಂದ ಮಾತಾಡಾಕತ್ತೀಯೋ, ಮನೀದೋ?"

ನಾನು ಬಿಚ್ಚಿಕೊಂಡ ಬೀಡಿಯೊಂದನ್ನು ಎತ್ತಿ ಮತ್ತೆ ಸುತ್ತತೊಡಗಿದೆ.

ಮುಂದಿನ ವರ್ಷ ನೆಗೆಣ್ಣಿಗೆ ಹಾರೂಗೇರಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ಗಂಡನೊಂದಿಗೆ ಹೊರಟುಹೋದಳು. ಆ ವಾರವೇ ಓಣಿಯ ಹೆಂಗಸರು ಹೂವಾದ ಹುಡುಗಿಯ ಕಥೆ ಬೇಕೆಂದರು. ಹೇಳಿದೆ. ನಾನು ಹೇಳಿದ್ದರಲ್ಲಿ ಸೂರ್ಯ ಒಂದು ಸಲ ಹೊರಳಿ ಅವಳನ್ನು ನೋಡಿದ.