ಹೆಣ್ಣು ಕೇಳದೆ ಊಟವಿಲ್ಲ

ಆ ಹೋಟೆಲಿಗೆ ನಾನು ಹೋಗಿದ್ದು ಹಸಿದುಕೊಂಡೇ. ಆದರೆ ಒಂದು ತುತ್ತೂ ಬಾಯಿಗಿಡಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಟಿದ್ದೆ. ನಾವಿರೋ ಮಿಲ್ಪಿಟಾಸಿನಿಂದ ಫಾಸ್ಟರ್ ಸಿಟಿಗೆ ಹೋಗೋ ದಾರೀಲಿ ಭಾನುವಾರವೂ ಟ್ರಾಫಿಕ್ಕು. ಕಾರು ಓಡಿಸುತ್ತಿದ್ದ ನಮ್ಮೆಜಮಾನರು, ಸ್ಕಾಟ್ಲೆಂಡಿನ ಅಡುಗೆ ಹೇಗಿರುತ್ತೋ ನೋಡೇಬಿಡೋಣ ಅಂತ ಹುರುಪಿನಲ್ಲಿದ್ದರು. ನೀವು ನೋಡಿ, ನಾನು ನೀರು ಕುಡಿದು ಎದ್ದು ಬರ್ತೀನಿ ಅಂದೆ. ಅವರು ರೇಡಿಯೋ ಸೌಂಡು ಜಾಸ್ತಿ ಮಾಡಿದರು.

ನನ್ನ ಸಿಟ್ಟಿಗೆ ಕಾರಣ ಇತ್ತು. ಹೋದ ವರ್ಷ ನಮ್ಮ ಒಬ್ಬಳೇ ಮಗಳು ಬೆರಳಿಗೆ ಉಂಗುರ ಹಾಕಿಕೊಂಡು ಬಂದು ನಿಂತಳು. ಮದುವೆ ಆಗ್ತಿದೀವಿ ಅಂತ ಇಂಗ್ಲಿಷಿನಲ್ಲಿ ಹೇಳಿದಳು. ನಾಳೆ ಮಳೆ ಬರುತ್ತೆ ಅಂತ ಟೀವಿಯಲ್ಲಿ ಹೇಳ್ತಾರಲ್ಲ, ಹಾಗೆ. ಹುಡುಗ ಸ್ಕಾಟ್ಲೆಂಡಿನವನು, ಇಲ್ಲೇ ಫಾಸ್ಟರ್ ಸಿಟಿಯ ಒಂದು ಲ್ಯಾಬಿನಲ್ಲಿ ಕೆಲಸ. ಒಳ್ಳೆ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಶೂ ಬಾಗಿಲಲ್ಲೇ ಬಿಡ್ತಾನೆ, ಮುದ್ದೆಯನ್ನ ಅಗಿಯದೆ ನುಂಗೋದನ್ನೂ ಕಲಿತಿದಾನೆ. ಅವನ ಬಣ್ಣ, ದೇವರು, ದೇಶ ಯಾವುದರ ಬಗ್ಗೆಯೂ ನಾನು ತುಟಿ ಬಿಚ್ಚಲಿಲ್ಲ. ನನ್ನ ಹೊಟ್ಟೆಯುರಿ ಒಂದೇ: ನನ್ನ ಮಗಳನ್ನ ಯಾರೂ ಬಂದು ಕೇಳಲಿಲ್ಲ.

ನಮ್ಮ ಮಂಡ್ಯದ ಕಡೆ ಹುಡುಗನ ಕಡೆಯವರು ಬಂದು ಹೆಣ್ಣು ಕೇಳಬೇಕು. ದೊಡ್ಡವರು ಯಾರಾದರೂ ಬಾಯಿಬಿಟ್ಟು, ನಿಮ್ಮ ಮಗಳನ್ನ ನಮ್ಮ ಮನೆಗೆ ಕೊಡಿ ಅನ್ನಬೇಕು. ಆ ಮಾತು ಆಗಿ, ಒಪ್ಪಿಗೆ ಆಗೋ ತನಕ ಹೆಣ್ಣಿನ ಕಡೆಯವರು ಕಾಫಿ ಕುಡೀಬಹುದೇ ಹೊರತು ಊಟಕ್ಕೆ ಕೂರೋ ಹಾಗಿಲ್ಲ. ಉಂಡರೆ ಒಪ್ಪಿದ ಹಾಗೆ. ನನ್ನ ಮದುವೆ ಮಾತುಕತೆಯಲ್ಲಿ ನಮ್ಮೆಜಮಾನರ ಮನೆ ನೋಡೋಕೆ ಹೋದ ನಮ್ಮಪ್ಪ, ಅವರ ಕಡೆಯವರು ಬಾಯಿಬಿಟ್ಟು ಕೇಳೋ ತನಕ, ಮಧ್ಯಾಹ್ನದವರೆಗೂ ಬರೀ ಕಾಫಿ ಕುಡಿದುಕೊಂಡು ಕೂತಿದ್ದರಂತೆ.

ಮಗಳಿಗೆ ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. ನಾವೇ ಹೇಳಿ ಹೆಣ್ಣು ಕೇಳಿಸಿಕೊಳ್ಳೋದು ಮರ್ಯಾದೆಯೇ? ಅವಳೇನೂ ಹಟ ಹಿಡಿಯಲಿಲ್ಲ, ಅದೇ ಕಷ್ಟ ಆಗಿದ್ದು. ನೀನು ಒಪ್ಪದೆ ದಿನ ಗೊತ್ತು ಮಾಡಲ್ಲ ಅಂದುಬಿಟ್ಟಳು. ನಾನು ಒಪ್ಪಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಹಾಗೇ ಒಂದು ವರ್ಷ ಉರುಳಿಹೋಯಿತು. ಅಷ್ಟರಲ್ಲಿ ಹುಡುಗನ ಅಪ್ಪ ಮಗನನ್ನ ನೋಡೋಕೆ ಬಂದರು, ಅವರಿಗಾಗಿ ಈ ಊಟ.

ಹೋಟೆಲು ಪುಟ್ಟದು, ಊರೊಳಗಿನ ಲಗೂನು ಕೆರೆಯ ನೀರು ಕಿಟಕಿಯ ಪಕ್ಕಕ್ಕೇ ಬಂದು ನಿಂತಿತ್ತು. ಮರದ ಮೇಜು, ಬೆಚ್ಚಗೆ ಉರಿಯೋ ಒಲೆ, ಕುರ್ಚಿಗಳ ಬೆನ್ನಿಗೆ ಚೌಕುಳಿ ಚೌಕುಳಿಯ ಉಣ್ಣೆ ಬಟ್ಟೆ. ನಿಜ ಹೇಳಬೇಕು ಅಂದರೆ, ಸಿಟ್ಟಿನಲ್ಲಿ ಕೂರೋಕೆ ಸರಿಯಾದ ಜಾಗವಲ್ಲ ಅದು. ಹುಡುಗನ ಅಪ್ಪ ಎದ್ದು ನಿಂತು ಕೈ ಕೊಟ್ಟರು. ಎತ್ತರದ ಆಳು, ಕೆಂಪು ಮುಖ, ಮಾತು ಕಮ್ಮಿ. ಆಡಿದ ಇಂಗ್ಲಿಷೂ ನನಗೆ ಅರ್ಧ ತಿಳಿಯಲಿಲ್ಲ. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷ ಆಯಿತು ಅಂತ ಹುಡುಗ ಮೊದಲೇ ಹೇಳಿದ್ದ.

ಬೆಚ್ಚನೆ ಬ್ರೆಡ್ಡು ಬಂತು. ನಮ್ಮೆಜಮಾನರು ಬೆಣ್ಣೆ ಮೆತ್ತಿ ಮೆತ್ತಿ ತಿಂದು ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಮೇಜಿನ ಕೆಳಗೆ ಕಾಲು ತುಳಿದೆ. ಏನೇ ಅಂತ ಜೋರಾಗಿ ಕೇಳಿದರು, ಮಾನ ಹೋಯಿತು. ಆಮೇಲೆ ಹೊಗೆ ಹಾಕಿದ ಮೀನು, ಆಲೂಗಡ್ಡೆ, ಹಾಲು ಸೇರಿಸಿ ಮಾಡಿದ ಸೂಪು ಬಂತು. ಘಮ ಅಂದರೆ ಘಮ. ನನಗೆ ಟೀ ಸಾಕು ಅಂದೆ. ಹೊಟ್ಟೆ ಸರಿಯಿಲ್ಲವಾ ಅಂತ ಹುಡುಗ ಕೇಳಿದ, ಸರಿಯಾಗೇ ಇದೆ ಅಂದೆ. ಮಗಳು ಮೇಜಿನ ಆ ತುದಿಯಲ್ಲಿದ್ದಳು. ಕಣ್ಣಿಗೆ ಕಣ್ಣು ಸಿಕ್ಕರೆ ಎಲ್ಲಿ ಕರಗಿಬಿಡ್ತೀನೋ ಅಂತ ಬೇಕಂತಲೇ ಆ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಹ್ಯಾಗಿಸ್ ಬಂತು, ಅವರ ನಾಡಿನ ಹೆಸರುವಾಸಿ ಅಡುಗೆ. ಅದೇನು ಅಂತ ಹೇಳೋಕೆ ಹುಡುಗ ತಡವರಿಸಿದ. ಕುರಿಯ ಗುಂಡಿಗೆ, ಲಿವರ್ರು ಸಣ್ಣಗೆ ಕೊಚ್ಚಿ, ಓಟ್ಸು, ಮೆಣಸಿನಪುಡಿ ಹಾಕ್ತಾರೆ, ಹಳೇ ಕಾಲದಲ್ಲಿ ಕುರಿಯ ಹೊಟ್ಟೆಚೀಲದಲ್ಲೇ ತುಂಬಿ ಬೇಯಿಸ್ತಿದ್ದರು, ಇಲ್ಲಿ ಹೊಸ ಥರ, ಉಂಡೆ ಕಟ್ಟಿ ಕರೀತಾರೆ, ನಿಮಗೆ ಅಸಹ್ಯ ಆಗಬಾರದು ಅಂದ. ಅಲ್ಲ ಕಣಪ್ಪಾ, ಯಾರಿಗೆ ಹೇಳ್ತಿದೀಯ! ಭಾನುವಾರ ಬೆಳಗಾದರೆ ಬಿಸಿನೀರು, ಸುಣ್ಣ ಹಾಕಿ ಕುರಿಯ ಕರುಳು-ಬೋಟಿ ಉಜ್ಜಿ ತೊಳೆದು ಬೆಳೆದವಳು ನಾನು. ಆ ಮೆಣಸಿನ ವಾಸನೆಗೆ ಬಾಯಲ್ಲಿ ನೀರೂರಿ, ಟೀ ಗುಟುಕರಿಸಿ ನುಂಗಿದೆ.

ಇಷ್ಟು ದೊಡ್ಡ ತಟ್ಟೆಯಲ್ಲಿ ಇಷ್ಟೇ ಇಷ್ಟು ಇಟ್ಟಿದ್ದು ನೋಡಿದರೆ ನಮ್ಮಮ್ಮ ನಗ್ತಿದ್ದಳು ಅಂತ ಹುಡುಗನ ಅಪ್ಪ ಹೇಳಿದರು. ಅವರ ತಾಯಿ ಕುರಿ ಕೊಯ್ದ ದಿನ ಏನನ್ನೂ ಬಿಸಾಡ್ತಿರಲಿಲ್ಲವಂತೆ. ನಮ್ಮಲ್ಲೂ ಹಾಗೇ ಅಂದೆ. ಕೇಳಿದ್ದಕ್ಕೆ ಬೋಟಿ ಗೊಜ್ಜು ಮಾಡೋದನ್ನೂ ಹೇಳಿದೆ, ತಿಳಿಯದ್ದನ್ನ ಹುಡುಗ ಬಿಡಿಸಿ ಹೇಳ್ತಿದ್ದ, ಮಾತಿಗೆ ಮಾತು ಬೆಳೆಯಿತು. ಮನುಷ್ಯ ಹಿಡಿಸಿದರು, ಸುಳ್ಳು ಯಾಕೆ ಹೇಳಲಿ. ಹಿಡಿಸಿದ್ದಕ್ಕೇ ಇನ್ನಷ್ಟು ಸಂಕಟ ಆಯಿತು. ಇಷ್ಟೆಲ್ಲ ಮಾತಾಡ್ತಾರೆ, ಆಡಬೇಕಾದ ಒಂದು ಮಾತು ಆಡಲ್ಲವಲ್ಲ. ತಟ್ಟೆ ನನ್ನ ಮುಂದೆ ತಣ್ಣಗಾಗುತ್ತಿತ್ತು.

ಅವರು ಇದ್ದಕ್ಕಿದ್ದ ಹಾಗೆ ಫೋರ್ಕು ಕೆಳಗಿಟ್ಟರು. ತೊಡೆ ಮೇಲಿದ್ದ ಬಟ್ಟೆ ಮಡಿಸಿದರು, ಮತ್ತೆ ಬಿಡಿಸಿದರು. ಮುಖ ಇನ್ನೂ ಕೆಂಪಾಯಿತು. ನನಗೆ ತಿಳಿಯಲಿ ಅಂತ ನಿಧಾನವಾಗಿ ಹೇಳಿದರು:

"ನೀವು ಯಾಕೆ ಊಟ ಮಾಡ್ತಿಲ್ಲ ಅಂತ ನಂಗೆ ಗೊತ್ತು, ನಿಮ್ಮ ಮಗಳು ಹೇಳಿದಾಳೆ. ಸೂಪು ಬಂದಾಗಿನಿಂದ ಹೇಗೆ ಶುರು ಮಾಡೋದು ಅಂತಲೇ ಒದ್ದಾಡ್ತಿದೀನಿ. ಇಂಥ ಮಾತೆಲ್ಲ ನನ್ನ ಹೆಂಡತಿ ಆಡ್ತಿದ್ದಳು. ನಿಮ್ಮ ಮಗಳನ್ನ ನಮ್ಮ ಮನೆಗೆ ಕೊಡಿ ಅಂತ ಕೇಳೋಕೆ ಬಂದಿದೀನಿ. ಕೊಡ್ತೀರಾ?"

ನಮ್ಮೆಜಮಾನರು ಅಗಿಯೋದನ್ನ ನಿಲ್ಲಿಸಿದರು. ನಾನು ಟೀ ಕಪ್ಪು ಕೆಳಗಿಟ್ಟೆ. ಮಗಳು ಹೇಳಿಕೊಟ್ಟ ಮಾತು ಅಂತ ಒಂದು ಗಳಿಗೆ ಅನ್ನಿಸಿದ್ದು ಹೌದು. ಅನ್ನಿಸಿದರೇನು? ನಮ್ಮಲ್ಲೂ ಬಂದವರಿಗೆಲ್ಲ ಯಾರೋ ಹೇಳಿಕೊಟ್ಟೇ ಕಳಿಸಿರ್ತಾರೆ. ಇಷ್ಟು ದೂರ ಬಂದು, ನಾಚಿಕೊಂಡು, ಕೈಯಲ್ಲಿ ಬಟ್ಟೆ ಹಿಂಡಿಕೊಂಡು ಕೇಳಿದರಲ್ಲ, ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಮಗಳಿಗೆ ಹೇಗೆ ಗೊತ್ತಾಯಿತು? ನಮ್ಮಪ್ಪ ಕಾಫಿ ಕುಡಿದುಕೊಂಡು ಕೂತ ಕಥೆಯನ್ನ ಯಾವತ್ತೋ, ಅವಳನ್ನ ಡೇಕೇರಿನಿಂದ ಕರೆದುಕೊಂಡು ಬರುವಾಗ ಕಾರಿನಲ್ಲಿ ಹೇಳಿದ್ದಿರಬೇಕು. ಹಿಂದಿನ ಸೀಟಿನಲ್ಲಿ ಕಿಟಕಿಯ ಆಚೆ ನೋಡಿಕೊಂಡು ಕೂತಿರ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ನಾನು ನನ್ನಷ್ಟಕ್ಕೆ ಮಾತಾಡಿಕೊಳ್ತಿದೀನಿ ಅಂದುಕೊಂಡಿದ್ದೆ.

ಆ ಸಂಜೆ ಮೊದಲನೇ ಸಲ ಅವಳ ಕಡೆ ತಿರುಗಿದೆ. ಅವಳ ಮುಂದಿನ ಸೂಪು ಕೆನೆಗಟ್ಟಿತ್ತು. ಹ್ಯಾಗಿಸ್ಸು ಬಂದ ಹಾಗೇ ಇತ್ತು. ಬ್ರೆಡ್ಡಿನ ಚೂರನ್ನೂ ಅವಳು ಮುಟ್ಟಿರಲಿಲ್ಲ. ನಾನು ಇತ್ತ ಟೀ ಕುಡಿದುಕೊಂಡು ಹಟ ಸಾಧಿಸುತ್ತಿದ್ದರೆ, ನನ್ನ ಮಗಳು ಅತ್ತ ಹೆಣ್ಣಿನ ಕಡೆಯವಳಾಗಿ ಹಸಿದುಕೊಂಡು ಕೂತಿದ್ದಳು.

"ನಂಗೂ ಹಸಿವು ಆಗ್ತಿದೆ ಅಮ್ಮ," ಅಂದಳು. ಕನ್ನಡದಲ್ಲೇ.

ಕೊಟ್ಟೆವು ಅಂತ ಅವರಿಗೆ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿದೆನೋ ಕನ್ನಡದಲ್ಲಿ ಹೇಳಿದೆನೋ ನೆನಪಿಲ್ಲ, ಅವರಿಗಂತೂ ತಿಳಿಯಿತು. ಎದ್ದು ಮಗಳ ಪಕ್ಕದ ಕುರ್ಚಿಗೆ ಹೋದೆ. ಫೋರ್ಕು ಹುಡುಕೋಕೆ ತಾಳ್ಮೆ ಇರಲಿಲ್ಲ. ಕೈಯಲ್ಲೇ ಒಂದು ಉಂಡೆ ಮುರಿದು ಅವಳ ಬಾಯಿಗಿಟ್ಟು, ಉಳಿದದ್ದನ್ನ ನಾನು ತಿಂದೆ.