ತಮ್ಮ ಗೆದ್ದ ಕೋರ್ಟು

ಹೆಮ್ಮಿಗೆಯ ನಾಲೆ ಬದಿಯಲ್ಲಿ ನಮ್ಮಜ್ಜನಿಗೆ ಸರ್ಕಾರ ಎರಡೆಕರೆ ಗದ್ದೆ ಕೊಟ್ಟಿತ್ತು. ಅಪ್ಪಣೆಯಿಲ್ಲದೆ ಮಾರಕೂಡದ ಜಮೀನು. ಆದರೂ ನಮ್ಮಪ್ಪನೂ ಚಿಕ್ಕಪ್ಪನೂ ತಂತಮ್ಮ ಪಾಲನ್ನು ಒಬ್ಬನೇ ಸಾಹುಕಾರನಿಗೆ ಮಾರಿಬಿಟ್ಟಿದ್ದರು. ಅಂಥ ಮಾರಾಟ ರದ್ದಾಗುತ್ತದೆಂದು ಗೊತ್ತಾದಾಗ ನಾನೂ ನನ್ನ ತಮ್ಮ, ಅಂದರೆ ಚಿಕ್ಕಪ್ಪನ ಮಗನೂ ಒಟ್ಟಿಗೇ ಓಡಾಟಕ್ಕಿಳಿದೆವು.

ಅವನು ಮೈಸೂರಿಗೆ ಹೋಗಿ, ಇಂಥ ಜಮೀನಿನ ತಕರಾರು ಕೇಳುವ ಕಂದಾಯ ಇಲಾಖೆಯ ಎ.ಸಿ. ಸಾಹೇಬರಿಗೆ ಅರ್ಜಿ ಕೊಟ್ಟ. ನಾನು ನಕ್ಕೆ. ಕರಿಕೋಟಿಲ್ಲ, ಕಟಕಟೆಯಿಲ್ಲ, ಅದೆಂಥ ಕೋರ್ಟು? ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನೇಗಿಲು ಹಿಡಿದವನು ನಾನು, ಯಾರ ಮುಂದೂ ಕೈ ಚಾಚಿದವನಲ್ಲ. ನರಸೀಪುರದಲ್ಲಿ ಲಾಯರನ್ನು ಹಿಡಿದೆ. ಅವರೂ "ಎ.ಸಿ. ಹತ್ರ ಹೋಗಪ್ಪ" ಎಂದರು.

"ಜಡ್ಜು ಮುಂದೇ ಆಗ್ಬೇಕು ಸಾ" ಎಂದು ಹಟ ಹಿಡಿದು ದಾವೆ ಹಾಕಿಸಿದೆ.

ವಾಯಿದೆ ಮೇಲೆ ವಾಯಿದೆ ಬಿದ್ದು, ಕೊನೆಗೆ ಜಡ್ಜು ಹೇಳಿದ್ದೂ ಅದನ್ನೇ: ಇಂಥ ಜಮೀನಿನ ತಕರಾರು ಕೇಳುವ ಅಧಿಕಾರ ಈ ಕೋರ್ಟಿಗಿಲ್ಲ, ಎ.ಸಿ. ಬಳಿಗೇ ಹೋಗಬೇಕು.

ಅಷ್ಟರಲ್ಲಿ ತಮ್ಮನಿಗೆ ಗದ್ದೆ ವಾಪಸು ಬಂದಿತ್ತು. ನಾಟಿಗೆ ನನ್ನನ್ನು ಮುಯ್ಯಾಳು ಕರೆದ. ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿಯುವುದು ನಮ್ಮಲ್ಲಿ ವಾಡಿಕೆ. ನನ್ನ ಗುತ್ತಿಗೆ ಗದ್ದೆಗೆ ಅವನು ಬಂದಿದ್ದ. ನಾನು ಹೋಗದಿದ್ದರೆ ಊರು ಆಡಿಕೊಳ್ಳುತ್ತಿತ್ತು. ಹೋದೆ. ಪೈರಿನ ಕಂತೆ ಹೊತ್ತು ಎಸೆಯುವಾಗ, ಅವನ ಬದು ಎಲ್ಲಾದರೂ ಒಡೆದಿದೆಯೇ ಎಂದು ಕಣ್ಣು ಹುಡುಕುತ್ತಿತ್ತು. ಒಡೆದಿರಲಿಲ್ಲ. ಪಕ್ಕದ ನನ್ನ ಎಕರೆಯಲ್ಲಿ ಸಾಹುಕಾರನ ಕಬ್ಬು ಆಳೆತ್ತರ ನಿಂತಿತ್ತು.

"ಯಾಕ್ಲಾ ಮಗ, ಕಂತೆ ಎಸಿಯಕ್ಕೂ ಜಡ್ಜು ಆರ್ಡ್ರು ಬೇಕಾ?" ಎಂದಳು ನಾಟಿ ಹಾಕುತ್ತಿದ್ದ ಸೋದರತ್ತೆ. ಸಾಲಿನ ಹೆಂಗಸರೆಲ್ಲ ಬಗ್ಗಿದಲ್ಲೇ ನಕ್ಕರು.

ಬದುವಿನ ಮೇಲೆ ಊಟಕ್ಕೆ ಕೂತಾಗ ತಮ್ಮ ಹೇಳಿದ: "ಅಣ್ಣ, ಸೋಮ್ವಾರ ಮೈಸೂರ್ಗೆ ಓಯ್ತಿನಿ. ನೀನೂ ಬಾ, ನಿನ್ ಅರ್ಜಿನೂ ಆಕ್ಬುಡಾನ."

"ನಂಗೂ ದಾರಿ ಗೊತ್ತು ಕಣ್ಲಾ."

"ಗೊತ್ತಿದ್ರೆ ನರ್ಸೀಪುರುಕ್ಯಾಕ್ ಓದೆ?"

ಅರ್ಧ ಮುದ್ದೆ ಬಿಟ್ಟು ನಾಲೆಗೆ ಕೈ ತೊಳೆಯಲು ಎದ್ದೆ.

ಸೋಮವಾರ ಅವನಿಗಿಂತ ಮುಂಚಿನ ಬಸ್ಸು ಹಿಡಿದು ಒಬ್ಬನೇ ಹೋದೆ. ಅರ್ಜಿ ನೋಡಿದ ಗುಮಾಸ್ತರು, "ನಿಮ್ಮ ತಮ್ಮನ ಪಾಲಿಗೆ ಆದೇಶ ಆಗಿದ್ಯಲ್ಲ, ಅದರ ನಕಲು ಇಟ್ಟರೆ ಒಳ್ಳೇದು" ಎಂದರು. ಹೊರಗೆ ಬಂದು ಹೊಂಗೆ ಮರದಡಿ ಅವನಿಗಾಗಿ ಕಾದೆ.

ಅವನು ಬಂದ. ನಾನು ಬಾಯಿ ಬಿಡುವ ಮೊದಲೇ ಕೈಚೀಲದಿಂದ ನಕಲು ತೆಗೆದು ಕೊಟ್ಟ. ನನಗೆಂದೇ ತೆಗೆಸಿದ್ದನಂತೆ. ಅರ್ಜಿ ಒಳಗೆ ಹೋಯಿತು. ವಾಪಸಾಗುವಾಗ ಇಬ್ಬರ ಟಿಕೆಟ್ಟನ್ನೂ ನಾನೇ ತೆಗೆದೆ, ಅವನು ಜೇಬಿಗೆ ಕೈ ಹಾಕುವುದರೊಳಗೆ. ಆದರೂ ಹೊಟ್ಟೆಯುರಿ ಇಳಿಯಲಿಲ್ಲ.