ಅನ್ವರ್ ಸಾಬ್ರ ರೆಕ್ಕೆಯನ್ನು ಕೊನೆಯ ಸಲ ಮಡಿಸಿದ್ದು

ಕೊರೊನಾ ಕಳೆದ ಮರುವರ್ಷದಿಂದ ನಾನು ಹ್ಯಾಂಗ್ ಗ್ಲೈಡರ್‌ಗಳನ್ನು ಮಡಿಸಿ ಜೋಪಾನ ಮಾಡುವ ಕೆಲಸ ಮಾಡುತ್ತಾ ಬಂದೆ, ಮಂಡಿಕಲ್ ಹತ್ತಿರದ ನಮ್ಮ ಹುಳುಮನೆಯಲ್ಲೇ. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ರೇಷ್ಮೆಹುಳು ಸಾಕುವುದನ್ನು ಬಿಟ್ಟಿದ್ದೆ. ಗುಡ್ಡದಿಂದ ಹಾರಿ ನಮ್ಮ ಹೊಲಗಳ ಕಡೆ ಇಳಿಯುತ್ತಿದ್ದ ಮೂವರು ಬಂದು ಆ ಉದ್ದನೆಯ ಮನೆಯನ್ನು ಬಾಡಿಗೆಗೆ ಕೇಳಿದರು. ಬಿಸಿಲು, ತೇವ, ಇಲಿ ಯಾವುದೂ ತಾಗಬಾರದು ಎಂದರು. ಹುಳುವಿಗೂ ಅದೇ ಕಟ್ಟುಪಾಡು, ಹಾಗಾಗಿ ಒಪ್ಪಿಕೊಂಡೆ.

ಹ್ಯಾಂಗ್ ಗ್ಲೈಡರ್ ಎಂದರೆ ಅಲ್ಯೂಮಿನಿಯಂ ಕೊಳವೆಗಳಿಗೆ ಬಟ್ಟೆ ಬಿಗಿದ ದೊಡ್ಡ ರೆಕ್ಕೆ. ಮನುಷ್ಯ ಅದರ ಕೆಳಗೆ ತೂಗಿಕೊಂಡು ಹಾರುತ್ತಾನೆ. ಇಳಿದ ಮೇಲೆ ಬ್ಯಾಟನ್ ಎಂಬ ಕಡ್ಡಿಗಳನ್ನು ಬಟ್ಟೆಯಿಂದ ಎಳೆದು, ರೆಕ್ಕೆಯ ಎರಡು ಬದಿಗಳನ್ನೂ ನಡುವಿನ ಕೊಳವೆಗೆ ಸೇರಿಸಿ, ಬಟ್ಟೆಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಬೇಕು. ಲೋಹ ಉಜ್ಜುವ ಕಡೆಯೆಲ್ಲ ಮೆತ್ತನೆಯದೇನಾದರೂ ಇಡಬೇಕು. ಇಲ್ಲದಿದ್ದರೆ ದಾರಿಯ ಕುಲುಕಾಟಕ್ಕೇ ಬಟ್ಟೆ ತೂತಾಗುತ್ತದೆ.

ಇದನ್ನೆಲ್ಲ ಕಲಿಸಿದವರು ಆ ಮೂವರಲ್ಲಿ ಹಿರಿಯರಾದ ಅನ್ವರ್ ಸಾಬ್ರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟಿದ್ದರು. ಉಳಿದಿಬ್ಬರು ಅಂಗಡಿಯ ಸ್ಪಂಜು ಇಡುತ್ತಿದ್ದರು; ಇವರು ಹಳೆ ಬಟ್ಟೆಯಿಂದ ತಾವೇ ಹೊಲಿದ ಪುಟ್ಟ ದಿಂಬುಗಳನ್ನು ಇಡುತ್ತಿದ್ದರು. ನಾನು ಆತುರಪಟ್ಟರೆ, "ನಿಧಾನ ಕಣಮ್ಮ. ಈವತ್ತು ಮಡಿಸಿದ್ ಕೈ ಎಂಥದ್ದು ಅಂತ ನಾಳೆ ಬಿಚ್ಚೋರಿಗೆ ಗೊತ್ತಾಗ್ತದೆ" ಎನ್ನುತ್ತಿದ್ದರು.

ಒಂದು ಭಾನುವಾರ ಅವರು ಬರಲಿಲ್ಲ. ಎದೆನೋವು ಬಂದು ಮನೆಯಲ್ಲೇ ಹೋಗಿಬಿಟ್ಟಿದ್ದರು.

ಗಂಡ ತೀರಿದ ಮೇಲೆ ಅವರಲ್ಲಿ ಹೆಂಗಸರು ಮನೆಯಲ್ಲೇ ಉಳಿಯುವ ಇದ್ದತ್ ಮುಗಿಸಿ, ಹೆಂಡತಿ ಷಹೀನಾ ನಮ್ಮಲ್ಲಿಗೆ ಬಂದರು. ಜೊತೆಯಲ್ಲಿ ಮೈದುನ, ಚಿಂತಾಮಣಿಯ ಗುಜರಿಯವನ ಟೆಂಪೋ. ಕೊಳವೆಗಳನ್ನು ಕತ್ತರಿಸಿ ತೂಕಕ್ಕೆ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಇದೇನಾ ಅಕ್ಕ, ನನ್ ಭಾನುವಾರಗಳನ್ನೆಲ್ಲ ತಿಂದಿದ್ದು?" ಎಂದರು, ಚೀಲವನ್ನು ಮುಟ್ಟದೆ.

ಜೊತೆಗಾರರಲ್ಲಿ ಒಬ್ಬರು ಆ ರೆಕ್ಕೆಯನ್ನು ತಾವು ಹಾರಿಸುವುದಾಗಿ ನನ್ನ ಬಳಿ ಹೇಳಿಟ್ಟಿದ್ದರು. ಅದನ್ನು ಆಕೆಯ ಮುಂದೆ ಎತ್ತಲು ನನಗೆ ಬಾಯಿ ಬರಲಿಲ್ಲ. ದುಃಖ ಅವರದು, ವಸ್ತುವೂ ಅವರದು. ನಮ್ಮಲ್ಲಿದ್ದ ಒಂದು ನಿಯಮವನ್ನಷ್ಟೇ ಹೇಳಿದೆ. "ಬಿಚ್ಚಿ ನೋಡ್ದೆ ಯಾವ ರೆಕ್ಕೇನೂ ಹೊರಗ್ ಕಳ್ಸಲ್ಲ ಕಣಮ್ಮ. ಒಂದ್ ಕೈ ಹಿಡೀರಿ."

ಇಬ್ಬರೂ ಅಂಗಳಕ್ಕೆ ತಂದು ಹರಡಿದೆವು. ಸುರುಳಿ ಬಿಚ್ಚಿದಂತೆ ದಿಂಬುಗಳು ಒಂದೊಂದಾಗಿ ಉದುರಿದವು. ಷಹೀನಾ ಒಂದನ್ನು ಎತ್ತಿಕೊಂಡರು. ಮತ್ತೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು.

"ಇದು ನನ್ ದುಪಟ್ಟಾ. ಇದೂ ನಂದೇ, ನಮ್ ತಂಗಿ ಮದುವೇಗೆ ತಗೊಂಡಿದ್ದು. ನಾದಿನಿ ಕದ್ದಳು ಅಂತ ಎರಡ್ ವರ್ಷ ಮಾತು ಬಿಟ್ಟಿದ್ದೀನಿ ಅಕ್ಕ. ಕಳ್ಳ ನೋಡಿದ್ರೆ ಪಕ್ಕದಲ್ಲೇ ಕೂತು ಅನ್ನ ತಿಂತಿದ್ದ."

ನಕ್ಕರು. ಹಾಗೇ ನೆಲದ ಮೇಲೆ ಕುಳಿತು, ದಿಂಬನ್ನು ಮುಖಕ್ಕೆ ಒತ್ತಿಕೊಂಡರು. ನಾನು ಪಕ್ಕದಲ್ಲಿ ಕುಳಿತೆ. ಗೇಟಿನಿಂದ ಮೈದುನ ಕೂಗಿದಾಗ, ಟೆಂಪೋದವನನ್ನು ಕಳಿಸಿಬಿಡಲು ಹೇಳಿದರು.

ಮತ್ತೆ ಮಡಿಸುವಾಗ ಆಕೆ ಬಟ್ಟೆಯ ತುದಿ ಹಿಡಿದು, ಸೀರೆ ಮಡಿಸುವವರಂತೆ ನನ್ನ ಕಡೆಗೆ ನಡೆದು ಬಂದರು.

"ಸೀರೆ ಅಲ್ಲಮ್ಮ ಇದು, ಗೆರೆ ಬೀಳ್ತದೆ. ಸುತ್ತಬೇಕು."

ಸುತ್ತಿದರು, ನನಗಿಂತ ನಿಧಾನವಾಗಿ. ಪ್ರತಿ ದಿಂಬನ್ನೂ ಎಲ್ಲಿ ಇಡಬೇಕೆಂದು ಕೇಳಿ ಕೇಳಿ ಇಟ್ಟರು. ಚೀಲದ ಜಿಪ್ ಎಳೆಯುವ ಮೊದಲು ತಾವಾಗಿಯೇ, ಇದನ್ನು ಹಾರಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಆಗ ಹೇಳಿದೆ.

"ಕೊಡಿ. ದಿಂಬು ಮಾತ್ರ ಬದಲಾಯಿಸ್ಬಾರ್ದು ಅಂತ ಹೇಳಿ."

ತಂಗಿಯ ಮದುವೆಯ ದುಪಟ್ಟಾದ ದಿಂಬನ್ನು ಮಾತ್ರ ನಾದಿನಿಗೆ ತೋರಿಸಬೇಕೆಂದು ಒಯ್ದರು. ಮುಂದಿನ ಭಾನುವಾರ ಅದೇ ಅಳತೆಗೆ ಇನ್ನೊಂದನ್ನು ಹೊಲಿದು ತಂದರು. ನಾದಿನಿಯೂ ಜೊತೆಗೆ ಬಂದಿದ್ದಳು.

ಅವರು ಹೋದ ಮೇಲೆ ನಾನು ಅಟ್ಟ ಹತ್ತಿದೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ನಿಮ್ಮ ತಾತ ಕೈಯಾರೆ ಹೆಣೆದವು, ಧೂಳು ಹಿಡಿದು ಬಿದ್ದಿದ್ದವು. ಇಳಿಸಿ, ತೊಳೆದು, ಒಣಗಿಸಿ, ನಡುನಡುವೆ ನನ್ನ ಹಳೆಯ ಸೀರೆಯ ತುಂಡಿಟ್ಟು ಜೋಡಿಸಿದ್ದೇನೆ. ಮಕ್ಕಳೇ, ನೀವು ಬಿಚ್ಚುವಾಗ ನಿಧಾನ.